ಕೆಂಚಜ್ಜಿಯ ಹುಲ್ಲು, ಎರೆಹುಳುವಿನ ಉಂಡೆ

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಬೆಟ್ಟಗಳಿಗೆ ಇನ್ನೂ ಹೆಸರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ನದಿಗೆ ತಿಳಿದಿರಲಿಲ್ಲ. ಇಡೀ ಭೂಮಿಯಲ್ಲಿ ಹುಲ್ಲು ಇದ್ದದ್ದು ಒಂದೇ ಒಂದು ಮೈದಾನದಲ್ಲಿ.

ಆ ಹುಲ್ಲನ್ನು ನೋಡಿಕೊಳ್ಳುತ್ತಿದ್ದವಳು ಕೆಂಚಜ್ಜಿ. ಭೂಮಿತಾಯಿ ಅವಳಿಗೆ ಮೊದಲೇ ಹೇಳಿದ್ದಳು: "ನನ್ನ ಹತ್ರ ಬೀಜ ಇದ್ದದ್ದು ಇಷ್ಟೇ ಕಣಮ್ಮ. ಇದು ಒಣಗಿದ್ರೆ ಇನ್ನು ಹುಲ್ಲು ಅನ್ನೋದೇ ಇರಲ್ಲ."

ಕೆಂಚಜ್ಜಿಗೆ ಹುಲ್ಲೆಂದರೆ ಪ್ರಾಣ. ಆದರೆ ಅವಳಿಗೆ ಗೊತ್ತಿದ್ದದ್ದು ಅಂಗಳ ನೋಡಿಕೊಳ್ಳುವುದು ಮಾತ್ರ. ಬೆಳಗಾಗೆದ್ದು ಕಡ್ಡಿಪೊರಕೆ ಹಿಡಿದು ಗುಡಿಸುತ್ತಿದ್ದಳು. ಗುಂಡುಕಲ್ಲು ಉರುಳಿಸಿ ನೆಲವನ್ನು ಗಟ್ಟಿ ಮಾಡುತ್ತಿದ್ದಳು. ಅದೂ ಸಾಲದೆ, ಸಗಣಿ ಕಲಸಿ ಹುಲ್ಲಿನ ಬುಡವನ್ನೆಲ್ಲ ನುಣ್ಣಗೆ ಸಾರಿಸುತ್ತಿದ್ದಳು. ಹುಲ್ಲನ್ನು ಯಾರಾದರೂ ಸಾರಿಸುತ್ತಾರೆಯೇ? ಹೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೂ ಅವಳು ಕೇಳುತ್ತಿರಲಿಲ್ಲ ಬಿಡಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

ವಸಂತ ಬಂತು. ಮಾವು ಚಿಗುರಿತು, ಹೊಂಗೆ ಚಿಗುರಿತು. ಹುಲ್ಲು ಮಾತ್ರ ಹಳದಿಯಾಯಿತು.

"ನಿನ್ನೆಯೂ ಸಾರಿಸಿದೆ, ಇವತ್ತೂ ಸಾರಿಸಿದೆ. ಇನ್ನೇನು ಮಾಡ್ಲಿ ನಿನಗೆ?" ಎಂದು ಅಜ್ಜಿ ಹುಲ್ಲಿಗೇ ಬೈದಳು.

"ನನಗೆ ನೆಲದೊಳಗೆ ಹೋಗೋಕೆ ಸಂದೇ ಇಲ್ಲ ಅಜ್ಜಿ," ಎಂದಿತು ಗಾಳಿ.

"ನಿನ್ನನ್ನ ಯಾರು ಕೇಳಿದ್ರು? ನೀನು ಸುಮ್ಮನೆ ಬೀಸು."

ಗಾಳಿ ಮುಖ ಊದಿಸಿಕೊಂಡು ಹೋಯಿತು.

ನೆಲದ ಕೆಳಗೆ ಎರೆಹುಳು ಮಲಗಿತ್ತು. ಅದಕ್ಕೆ ಬೇರುಗಳು ಅಳುವುದು ಕೇಳಿಸಿತು. "ಉಸಿರು ಕಟ್ತಾ ಇದೆ," ಎನ್ನುತ್ತಿದ್ದವು. ಎರೆಹುಳುವಿಗೆ ಕೈಯಿಲ್ಲ, ಗುದ್ದಲಿಯಿಲ್ಲ. ಇದ್ದದ್ದು ಬಾಯಿ ಒಂದೇ. ಅದು ಮಣ್ಣು ತಿನ್ನುತ್ತಾ ತಿನ್ನುತ್ತಾ ಮೇಲಕ್ಕೆ ದಾರಿ ಮಾಡಿತು. ತಿಂದ ಮಣ್ಣನ್ನು ಪುಟ್ಟ ಪುಟ್ಟ ಉಂಡೆ ಮಾಡಿ ಹೊರಗಿಟ್ಟಿತು.

ಬೆಳಿಗ್ಗೆ ಅಜ್ಜಿ ನೋಡುತ್ತಾಳೆ, ಸಾರಿಸಿದ ನೆಲದ ತುಂಬ ಮಣ್ಣಿನ ಉಂಡೆ. ಗುಡಿಸಿದಳು. ಮರುದಿನ ಮತ್ತೆ ಉಂಡೆ. ಮತ್ತೆ ಗುಡಿಸಿದಳು. ಮತ್ತೆ ಉಂಡೆ. ಅಜ್ಜಿಗೆ ತಲೆ ಕೆಟ್ಟುಹೋಯಿತು. ಒಂದು ದಿನ ಇನ್ನೂ ನಸುಕಿರುವಾಗಲೇ ಎದ್ದು ಬಂದು ಎರೆಹುಳುವನ್ನು ಹಿಡಿದೇಬಿಟ್ಟಳು.

"ನನ್ನ ಸೊಂಟ ಬಿದ್ದುಹೋಯ್ತು ನಿನ್ನ ದೆಸೆಯಿಂದ. ಬಿಸಿಲಿಗೆ ಹಾಕ್ತೀನಿ ತಾಳು ನಿನ್ನ."

"ಹಾಕು ಅಜ್ಜಿ," ಎಂದಿತು ಎರೆಹುಳು. "ಹಾಕೋಕೆ ಮುಂಚೆ ಉಂಡೆ ಇರೋ ಜಾಗ ಒಂದ್ಸಲ ನೋಡು."

ಇನ್ನಷ್ಟು ಬೈಯಲು ಏನಾದರೂ ಸಿಗುತ್ತದೆ ಎಂದೇ ಅಜ್ಜಿ ಬಗ್ಗಿ ನೋಡಿದಳು. ಮೈದಾನವೆಲ್ಲ ಹಳದಿ. ಆದರೆ ಪ್ರತಿ ಉಂಡೆಯ ಪಕ್ಕದಲ್ಲೂ ಒಂದು ಹಸಿರು ಕುಡಿ. ಅವಳು ಪೊರಕೆ ಕೆಳಗಿಟ್ಟು ಅಲ್ಲೇ ಕುಳಿತಳು. ಪ್ರೀತಿ ಮಾಡಿ ಮಾಡಿಯೇ ಹುಲ್ಲನ್ನು ಕೊಲ್ಲುತ್ತಿದ್ದೆನಲ್ಲ ಎಂದು ಅವಳಿಗೆ ಅಳು ಬಂತು.

ಆಮೇಲೆ ಮೂಗು ಒರೆಸಿಕೊಂಡು, ಎರೆಹುಳುವನ್ನು ತಂಪು ಮಣ್ಣಿನ ಮೇಲೆ ಬಿಟ್ಟಳು.

"ನಿನ್ನ ಕೆಲಸ ನೀನು ಮಾಡ್ಕೋ ಹೋಗು. ಆದ್ರೆ ನನ್ನ ಕಣ್ಣಿಗೆ ಬೀಳಬೇಡ. ಉಂಡೆ ಕಂಡ್ರೆ ನನ್ನ ಕೈ ಸುಮ್ಮನಿರಲ್ಲ."

ಗುಂಡುಕಲ್ಲನ್ನು ನದಿಗೆ ಉರುಳಿಸಿದಳು. ಹಾರೆ ತಂದು ತಾನೂ ನೆಲಕ್ಕೆ ತೂತು ಹಾಕತೊಡಗಿದಳು. ಗಾಳಿ ಮುನಿಸು ಬಿಟ್ಟು ಒಳಗಿಳಿಯಿತು. ಹುಲ್ಲು ಬದುಕಿತು, ಮೈದಾನ ದಾಟಿ ಲೋಕವೆಲ್ಲ ಹಬ್ಬಿತು.

ಈಗಲೂ ನೋಡು ಮಗು, ವಸಂತ ಬಂದರೆ ಗಾಲ್ಫ್ ಮೈದಾನದವರು ಬೇರಿಗೆ ಗಾಳಿ ಸಿಗಲೆಂದು ದೊಡ್ಡ ಯಂತ್ರ ತಂದು ಹುಲ್ಲಿನ ನೆಲಕ್ಕೆಲ್ಲ ತೂತು ಹಾಕಿಸುತ್ತಾರೆ. ಅದೇ ಕೆಲಸವನ್ನು ಎರೆಹುಳು ಪುಕ್ಕಟೆ ಮಾಡಿಕೊಟ್ಟರೆ, ಚೆಂಡು ಉರುಳುವುದಿಲ್ಲ ಎಂದು ಗೊಣಗುತ್ತಾ ಅದರ ಉಂಡೆಗಳನ್ನು ಗುಡಿಸುತ್ತಾರೆ. ಅವರಿಗೆ ಯಾರು ಹೇಳಬೇಕು? ಎರೆಹುಳುವಿಗಂತೂ ಕೆಂಚಜ್ಜಿಯ ಪೊರಕೆಯ ಭಯ ಇನ್ನೂ ಹೋಗಿಲ್ಲ. ಅದಕ್ಕೇ ಬೆಳಿಗ್ಗೆ ಹುಲ್ಲಿನ ಮೇಲೆ ನಿನಗೆ ಮಣ್ಣಿನ ಉಂಡೆ ಕಾಣುತ್ತದೆ, ಉಂಡೆ ಕಟ್ಟಿದವರು ಕಾಣುವುದಿಲ್ಲ.