ಟಾರು ತಳದಲ್ಲೇ ಉಳಿದದ್ದು ಯಾಕೆ

ಆಗ ಭೂಮಿ ಇನ್ನೂ ಹೊಸದು. ಕಡಲಿಗೆ ಉಪ್ಪು ಸೇರಿ ಕೆಲವೇ ದಿನವಾಗಿತ್ತು. ಎಣ್ಣೆಯ ದೀಪವನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಕಡಲ ದಂಡೆಯಲ್ಲಿ ಬೊಮ್ಮಿ ಎಂಬ ಹೆಂಗಸಿದ್ದಳು. ಕಡಲ ನೀರು ಕಾಯಿಸಿ ಉಪ್ಪು ತೆಗೆಯುವುದು ಅವಳ ಕೆಲಸ. ಅವಳ ತಮ್ಮ ಸುಕ್ರ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ.

ಒಂದು ಸಂಜೆ ಕಡಲ ಮೇಲೆ ದಟ್ಟವಾಗಿ ಮಂಜು ಇಳಿಯಿತು. ಸುಕ್ರ ಬರಲಿಲ್ಲ. ದಂಡೆ ಎಲ್ಲಿದೆಯೆಂದು ಅವನಿಗೆ ಕಾಣಲಿ ಎಂದು ಬೊಮ್ಮಿ ಒಲೆಯಿಂದ ಕೊಳ್ಳಿ ಹಿಡಿದು ಬಂಡೆಯ ತುದಿಗೆ ಓಡಿದಳು. ಹನಿ ಬಿದ್ದು ಕೊಳ್ಳಿ ಆರಿತು. ಇನ್ನೊಂದು ತಂದಳು. ಅದೂ ಆರಿತು.

ಬಂಡೆಯ ಬಿರುಕಿನಲ್ಲಿ ಕರಿ ಎಣ್ಣೆ ಜಿನುಗುತ್ತಿತ್ತು. ನೀನಾದರೂ ಉರಿಯುತ್ತೀಯಾ ಎಂದು ಬೊಮ್ಮಿ ಕೇಳಿದಳು. ತನ್ನೊಳಗೆ ಬಹಳ ಮಕ್ಕಳಿದ್ದಾರೆ, ನೆಲದ ಹೊಟ್ಟೆಯಲ್ಲಿ ಮಲಗಿ ಮಲಗಿ ಒಬ್ಬರಿಗೊಬ್ಬರು ಅಂಟಿಕೊಂಡಿದ್ದಾರೆ, ಯಾರೂ ಏಳಲಾರರು ಎಂದಿತು ಎಣ್ಣೆ. ಬತ್ತಿ ಅದ್ದಿ ಹಚ್ಚಿದರೆ ಬರೀ ಹೊಗೆ.

ಒಲೆಯೊಳಗಿಂದ ಬೆಂಕಿ ಮಾತಾಡಿತು. "ಅವರನ್ನು ಬಿಡಿಸುವುದು ನನಗೆ ಬಿಡು, ಬೊಮ್ಮಕ್ಕ. ಮೇಲೆ ಬಂದವರಿಗೆ ನಿಲ್ಲಲು ಜಾಗ ಮಾತ್ರ ನೀನು ಮಾಡಿಕೊಡು."

ಬೊಮ್ಮಿ ಉಪ್ಪಿನ ದೊಡ್ಡ ಹಂಡೆಗೆ ಕರಿ ಎಣ್ಣೆ ತುಂಬಿದಳು. ಅದರ ಮೇಲೆ ತಳಕ್ಕೆ ತೂತು ಕೊರೆದು, ನಿಂತದ್ದು ಕೆಳಗೆ ಸೋರದಂತೆ ತೂತಿಗೆ ಗಿಡ್ಡ ಕೊಳವೆ ನಿಲ್ಲಿಸಿದ ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಸಂದುಗಳಿಗೆ ಮಣ್ಣು ಮೆತ್ತಿದಳು. ಬೆಂಕಿ ಕೆಳಗಿನಿಂದ ಮೆಲ್ಲಗೆ ಕಾಯಿಸಿತು. ಗಾಳಿ ಮೇಲಿನಿಂದ ಮೆಲ್ಲಗೆ ತಂಪು ಮಾಡಿತು.

ಮಕ್ಕಳು ಆವಿಯಾಗಿ ಎದ್ದರು. ಎಲ್ಲರಿಗಿಂತ ಹಗುರವಾದ ಗ್ಯಾಸು ಎಲ್ಲೂ ನಿಲ್ಲದೆ ತುದಿಯಿಂದ ಹಾರಿಹೋಯಿತು. ಪೆಟ್ರೋಲು ಮೇಲಿನ ಗಡಿಗೆಯಲ್ಲಿ ತಣಿದು ನಿಂತಿತು. ಬೆಂಕಿ ಕಂಡರೆ ಹಾರುವ ಅದರ ಬುದ್ಧಿ ನೋಡಿ ಬೊಮ್ಮಿ ಅದನ್ನು ದೂರ ಇಟ್ಟಳು. ಸೀಮೆಎಣ್ಣೆ ನಡುವೆ ನಿಂತಿತು. ಡೀಸೆಲ್ಲು ಅಷ್ಟು ಏರಲಾಗದೆ ಅದರ ಕೆಳಗೇ ಕೂತಿತು.

ಹಂಡೆಯ ತಳದಲ್ಲಿ ಟಾರು ಒಂದೇ ಉಳಿಯಿತು. "ನನಗೆ ಏಳಲಿಕ್ಕೇ ಆಗಲಿಲ್ಲ. ಇನ್ನು ನಾನು ಯಾರಿಗೆ ಬೇಕು?" ಎಂದು ಅತ್ತಿತು.

ಸಮಾಧಾನ ಹೇಳಲು ಬೊಮ್ಮಿಗೆ ಆಗ ಪುರುಸೊತ್ತಿರಲಿಲ್ಲ. ಸೀಮೆಎಣ್ಣೆಗೆ ಬತ್ತಿ ಹಾಕಿ ಹಚ್ಚಿ, ಮಡಕೆ ಮರೆ ಮಾಡಿ ಬಂಡೆಯ ಮೇಲಿಟ್ಟಳು. ದೀಪ ಆರಲಿಲ್ಲ. ಆ ಬೆಳಕು ಹಿಡಿದು ಸುಕ್ರ ಬಂದ. ದೋಣಿಯೊಳಗೆ ಅವನ ಮೊಣಕಾಲಿನವರೆಗೂ ನೀರು. ದೋಣಿಯ ತಳ ಬಿರುಕು ಬಿಟ್ಟಿತ್ತು. ಇನ್ನು ಈ ದೋಣಿ ಕಡಲಿಗೆ ಇಳಿಯುವುದಿಲ್ಲ ಎಂದು ಅವನು ಅಲ್ಲೇ ಕುಸಿದು ಕೂತ.

ಬೊಮ್ಮಿ ಹಂಡೆಯಿಂದ ಬಿಸಿ ಟಾರು ತೋಡಿ ಬಿರುಕಿಗೆ ಹಚ್ಚಿದಳು. ಬೆಳಿಗ್ಗೆ ದೋಣಿಯನ್ನು ನೀರಿಗೆ ತಳ್ಳಿದರು. ಒಂದು ಹನಿಯೂ ಒಳಗೆ ಬರಲಿಲ್ಲ.

"ನೀನೂ ಮೇಲೆ ಹೋಗಿದ್ದರೆ ಇದನ್ನು ಯಾರು ಹಿಡಿಯುತ್ತಿದ್ದರು, ಮಗಾ?" ಎಂದಳು ಬೊಮ್ಮಿ.

ಟಾರು ಮತ್ತೆ ಅಳಲಿಲ್ಲ. ಅಣ್ಣತಮ್ಮಂದಿರು ಏರುವಷ್ಟು ಏರಲಿ, ತಾನು ಕೆಳಗಿದ್ದು ಬಿಟ್ಟದ್ದನ್ನು ಕೂಡಿಸುತ್ತೇನೆ, ಬಿರಿದದ್ದನ್ನು ಹಿಡಿಯುತ್ತೇನೆ ಎಂದಿತು.

ಅದಕ್ಕೇ ಇವತ್ತಿಗೂ ಎಣ್ಣೆ ಕಾರ್ಖಾನೆಯ ಎತ್ತರದ ಗೋಪುರದಲ್ಲಿ ಹಗುರದವರು ಮೇಲೆ ಮೇಲೆ ನಿಲ್ಲುತ್ತಾರೆ, ಟಾರು ತಳದಲ್ಲೇ ಉಳಿಯುತ್ತದೆ. ಮಧ್ಯಾಹ್ನದ ಸುಡುಬಿಸಿಲಲ್ಲಿ ನೀನು ರಸ್ತೆ ದಾಟುವಾಗ ನಿನ್ನ ಚಪ್ಪಲಿಯನ್ನೂ ಒಂದು ಗಳಿಗೆ ಹಿಡಿದುಕೊಂಡು ಬಿಡುತ್ತದೆ.