ಹೋಗದ ಊರಿಗೆ ಐದು ನಕ್ಷತ್ರ

ಶಿಷ್ಯ ಪಂಪಣ್ಣ ಗುರುಗಳ ಮುಂದೆ ಕೈಮುಗಿದು ಕೇಳಿದ: "ಗುರುಗಳೇ, ನಾಲ್ಕು ಜನ ನಾಲ್ಕು ಮಾತು ಹೇಳಿದರೆ ಯಾರನ್ನು ನಂಬಬೇಕು?"

"ಯಾರಪ್ಪಾ ಆ ನಾಲ್ಕು ಜನ?" ಎಂದರು ಗುರುಗಳು.

ಪಂಪಣ್ಣ ನಾಚಿಕೆಯಿಂದ ಜೇಬಿನೊಳಗಿನ ಮೊಬೈಲು ತೆಗೆದು ತೋರಿಸಿದ.

ಅವನ ಅವ್ವ ಊರಿನಿಂದ ಮಠಕ್ಕೆ ಬಂದಿದ್ದಳು. ಮಗ ಮಠ ಸೇರಿದ ಮೇಲೆ ಇದೇ ಮೊದಲ ಸಲ. ಆಕೆಯನ್ನು ಎಲ್ಲಿಗಾದರೂ ಪ್ರವಾಸಕ್ಕೆ ಕರೆದುಕೊಂಡು ಹೋಗೆಂದು ಗುರುಗಳೇ ಅವನಿಗೆ ಎಂಟು ದಿನ ರಜೆ ಕೊಟ್ಟಿದ್ದರು. ಪಂಪಣ್ಣ ಪ್ರವಾಸಕ್ಕೆ ನೆರವಾಗುವ ಆ್ಯಪುಗಳನ್ನು ಮೊಬೈಲಿಗೆ ತುಂಬಿಕೊಂಡ. ಒಂದು ದಾರಿ ತೋರಿಸುತ್ತಿತ್ತು. ಒಂದು ಮಳೆ ಬಿಸಿಲು ತಿಳಿಸುತ್ತಿತ್ತು. ಒಂದು ಉಳಿಯಲು ಕೋಣೆ ಹುಡುಕುತ್ತಿತ್ತು. ಇನ್ನೊಂದು, ಹೋಗಿ ಬಂದವರು ಬರೆದದ್ದನ್ನು ಓದಿಸುತ್ತಿತ್ತು. ಒಂದು ಹೋಗು ಎಂದ ಕಡೆಗೆ ಇನ್ನೊಂದು ಬೇಡ ಎನ್ನುತ್ತಿತ್ತು. ಹೀಗೆ ಐದು ದಿನ ಕಳೆದವು. ಇವತ್ತು ಹೊರಡಬಹುದು ಎಂದು ಅವ್ವ ದಿನಾ ಬೆಳಿಗ್ಗೆ ಗಂಟು ಕಟ್ಟುತ್ತಿದ್ದಳು, ಸಂಜೆ ಬಿಚ್ಚುತ್ತಿದ್ದಳು.

"ತಲೆ ಕೆಟ್ಟು ಹೋಗಿದೆ, ಗುರುಗಳೇ. ಇವುಗಳಲ್ಲಿ ಯಾವುದು ನಿಜ ಹೇಳುತ್ತದೆ?"

ಗುರುಗಳು ಮೊಬೈಲನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟರು. "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ. ಸಮುದ್ರದಿಂದ ಒಂದು ಹಗಲಿನ ದಾರಿಯಷ್ಟು ದೂರ ಅವನ ಊರು. ಮೂರು ಕಡೆ ವಿಚಾರಿಸದೆ ಅವನು ತನ್ನ ಮನೆಗೆ ಒಂದು ಸೌಟನ್ನೂ ಕೊಂಡವನಲ್ಲ. ಬಿಂದಿಗೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತೆ ತಟ್ಟಿ ನೋಡುತ್ತಿದ್ದ. ಇದರಿಂದ ಅವನು ವ್ಯಾಪಾರದಲ್ಲಿ ಎಂದೂ ಮೋಸಹೋಗಲಿಲ್ಲ. ಬೆಳಿಗ್ಗೆ ಮಗಳು ಏಳುವ ಮೊದಲೇ ಅಂಗಡಿಗೆ ಹೋಗುತ್ತಿದ್ದ. ಅವನು ಮರಳುವ ಹೊತ್ತಿಗೆ ಅವಳಿಗೆ ನಿದ್ದೆ ಬಂದಿರುತ್ತಿತ್ತು. ಹೀಗೇ ಅವಳು ಬೆಳೆದಳು, ಮದುವೆಯೂ ಗೊತ್ತಾಯಿತು.

ಆ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಮದುವೆಯ ಹಂದರಕ್ಕೆ ಮೊದಲ ಕಂಬ ನೆಟ್ಟ ಮೇಲೆ ಮದುಮಗಳು ಊರು ದಾಟುವ ಹಾಗಿಲ್ಲ. ಕಂಬ ನೆಡಲು ಹದಿನಾಲ್ಕು ದಿನ ಇರುವಾಗ ಮಗಳು ತಂದೆಯ ಬಳಿ ಬಂದಳು. "ಅಪ್ಪಾ, ಕಂಬ ನೆಡುವ ಮುಂಚೆ ನಿನ್ನ ಜೊತೆ ಒಂದು ಸಲ ಸಮುದ್ರ ನೋಡಿ ಬರಬೇಕು" ಎಂದಳು. ಅವಳು ತಂದೆಯನ್ನು ಏನನ್ನಾದರೂ ಕೇಳಿದ್ದು ಕಡಿಮೆ. ವ್ಯಾಪಾರಿ ಕೂಡಲೇ ಒಪ್ಪಿದ. "ಆಗಲಿ ಮಗಳೇ, ಬಹಳ ಚೆನ್ನಾಗಿ ನೋಡಿ ಬರೋಣ" ಎಂದ.

ಆ 'ಬಹಳ ಚೆನ್ನಾಗಿ'ಯಿಂದಲೇ ಎಲ್ಲ ಶುರುವಾಯಿತು.

ಗಿರಾಕಿಗಳ ಗದ್ದಲದಲ್ಲಿ ಇಂಥ ಕೆಲಸ ಆಗದು ಎಂದು ಅವನು ಬೇಗ ಅಂಗಡಿಗೆ ಬೀಗ ಹಾಕಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ಜಗಲಿಯ ಮೇಲೆ ಕೂತು ಮೊಬೈಲು ತೆರೆದ. ಮಗಳು ಒಂದು ತಟ್ಟೆಯಲ್ಲಿ ಹುರಿದ ಶೇಂಗಾ ತಂದು ಪಕ್ಕದಲ್ಲಿ ಕೂತಳು. ದಾರಿಯ ಆ್ಯಪು ಆರು ಗಂಟೆಯ ದಾರಿ ಎಂದಿತು. ಅವನು ಅದನ್ನು ಬಿಂದಿಗೆ ತಟ್ಟಿದ ಹಾಗೆ ಮತ್ತೆ ತಟ್ಟಿದ. ಈಗ ಘಟ್ಟದಲ್ಲಿ ರಸ್ತೆ ಕೆಲಸ ನಡೆದಿದೆ, ಒಂಬತ್ತು ಗಂಟೆ ಎಂದಿತು. ಇನ್ನೊಂದು ಆ್ಯಪು ಬೇರೆ ಘಟ್ಟವನ್ನೇ ತೋರಿಸಿತು. ಮಾರನೆಯ ಸಂಜೆ ಹವಾಮಾನದ ಎರಡು ಆ್ಯಪು ತೆರೆದ. ಒಂದರಲ್ಲಿ ಸೂರ್ಯ, ಒಂದರಲ್ಲಿ ಮೋಡ. ಮೂರನೆಯದನ್ನು ಕೇಳಿದ. ಅದರಲ್ಲಿ ಅರ್ಧ ಸೂರ್ಯ, ಅರ್ಧ ಮೋಡ. "ಏನು ತಿಳಿಯೋದು ಇದರಲ್ಲಿ?" ಎಂದು ಮಗಳನ್ನೇ ಕೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾಲ್ಕನೆಯ ಸಂಜೆ ಹೋಗಿ ಬಂದವರ ಮಾತು ಓದತೊಡಗಿದ. ಒಬ್ಬ ಒಂದು ಕಡಲ ತೀರಕ್ಕೆ ಐದು ನಕ್ಷತ್ರ ಕೊಟ್ಟಿದ್ದ, ಎಷ್ಟು ನಿಶ್ಶಬ್ದ ಎಂದು. ಅದೇ ತೀರಕ್ಕೆ ಇನ್ನೊಬ್ಬ ಒಂದೇ ನಕ್ಷತ್ರ ಕೊಟ್ಟಿದ್ದ, ಅಲೆಗಳ ಸದ್ದಿಗೆ ಮಧ್ಯಾಹ್ನದ ನಿದ್ದೆ ಹಾಳಾಯಿತು ಎಂದು.

"ಸಮುದ್ರಕ್ಕೂ ನಕ್ಷತ್ರ ಕೊಡುತ್ತಾರೆಯೇ?" ಎಂದು ಪಂಪಣ್ಣ ನಡುವೆ ಬಾಯಿ ಹಾಕಿದ.

"ನಮ್ಮ ಮಠಕ್ಕೇ ಯಾರೋ ಮೂರು ಕೊಟ್ಟಿದ್ದಾರಂತೆ, ಸಾರು ನೀರಾಗಿತ್ತು ಎಂದು. ಕತೆ ಕೇಳು" ಎಂದರು ಗುರುಗಳು.

ಮಗಳು ಗಟ್ಟಿಯಾಗಿ ಓದುತ್ತಿದ್ದಳು, ತಂದೆ ಬೆರಳು ಮಡಚಿ ಎಣಿಸುತ್ತಿದ್ದ. ಯಾವ ತೀರ ಎಂದು ಅವಳನ್ನು ಕೇಳಿದರೆ, "ನೀನು ಎಲ್ಲಿ ಅಂದರೆ ಅಲ್ಲಿ, ಅಪ್ಪಾ" ಎನ್ನುತ್ತಿದ್ದಳು. ಪಾಪ, ಇವಳಿಗೂ ತನ್ನ ಹಾಗೆ ಗೊಂದಲವಾಗಿದೆ ಎಂದುಕೊಂಡ. ಆ ಗೊಂದಲ ಬಿಡಿಸಲು ಇನ್ನೊಂದು ಆ್ಯಪು ಹಾಕಿಕೊಂಡ. ಅದು ಯಾವ ದಿನ ಎಲ್ಲಿ ಜನ ಕಡಿಮೆ ಎಂದು ಹೇಳುವಂಥದ್ದು. ಮತ್ತೊಂದು, ಚೀಲಕ್ಕೆ ಏನೇನು ತುಂಬಬೇಕು ಎಂದು ನೆನಪಿಸುವಂಥದ್ದು. ಅದರ ಮಾತಿನಂತೆ ಚೀಲ ತುಂಬಿ ಬಾಗಿಲ ಬಳಿ ಇಟ್ಟರು. ಹೆಂಡತಿ ಒಳಗಿನಿಂದ ಕೂಗಿ ಹೇಳಿದಳು: "ಗಂಡು ಹುಡುಕುವುದಕ್ಕೂ ನೀವು ಇಷ್ಟು ತಲೆ ಕೆಡಿಸಿಕೊಳ್ಳಲಿಲ್ಲ!"

ಹನ್ನೊಂದನೆಯ ಸಂಜೆ ಅವನು ಧೈರ್ಯ ಮಾಡಿದ. ಕೊನೆಯ ಎರಡು ದಿನಗಳಿಗೆ ಒಂದು ತೀರದಲ್ಲಿ ಕೋಣೆ ಗೊತ್ತು ಮಾಡಿದ. ಮಗಳು ಅವನ ತೋಳು ಹಿಡಿದು ಕುಣಿದಳು.

ಹೊರಡುವ ದಿನ ಬೆಳಿಗ್ಗೆ ಎದ್ದು ಮೊಬೈಲು ನೋಡಿದರೆ ಹವಾಮಾನದ ಮೂರು ಆ್ಯಪಿನಲ್ಲೂ ಮೋಡ. ಹದಿಮೂರು ದಿನದಲ್ಲಿ ಮೊದಲ ಸಲ ಮೂರೂ ಒಂದೇ ಮಾತು ಹೇಳಿದ್ದವು. ಮದುಮಗಳು ನೆನೆದು ಜ್ವರ ಬಂದರೆ ಏನು ಗತಿ ಎಂದು ಅವನಿಗೆ ಹೆದರಿಕೆಯಾಯಿತು. "ನಾಳೆ ನೋಡೋಣ ಮಗಳೇ" ಎಂದ. ನಾಳೆಯೂ ಮೋಡವೇ ಇತ್ತು. ಅಲ್ಲಿ ನಿಜವಾಗಿ ಮಳೆ ಬಂತೋ ಇಲ್ಲವೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅವನ ಜಗಲಿಯಿಂದ ಆ ಆಕಾಶ ಕಾಣುವುದಿಲ್ಲ. ಆ ಸಂಜೆಯೂ ತಂದೆ ಮಗಳು ಮೊಬೈಲಿನ ಮೋಡ ನೋಡುತ್ತಾ ಕೂತಿದ್ದರು. ಅದರ ಮಾರನೆಯ ದಿನ ಅಂಗಳದಲ್ಲಿ ಕಂಬ ನೆಟ್ಟರು.

ವ್ಯಾಪಾರಿ ಕಂಬದ ಬುಡಕ್ಕೆ ಹಾಲು ಹಾಕಿದ. ಮಗಳು ತುಂಬಿದ ಚೀಲವನ್ನು ಬಾಗಿಲ ಬಳಿಯಿಂದ ತೆಗೆದು, ಸೀರೆಗಳನ್ನು ಒಂದೊಂದಾಗಿ ಮತ್ತೆ ಪೆಟ್ಟಿಗೆಗೆ ಹಾಕಿದಳು. ಅವನಿಗೆ ಅದನ್ನು ನೋಡಲಾಗಲಿಲ್ಲ, ಹಿತ್ತಲಿಗೆ ಹೋಗಿ ನಿಂತ.

ಅರಿಸಿನ ಹಚ್ಚುವ ದಿನ ಮನೆ ತುಂಬ ನೆಂಟರು. ಆಗ ಅವನ ಮೊಬೈಲು ಸದ್ದು ಮಾಡಿತು. ಗೊತ್ತು ಮಾಡಿದ ಕೋಣೆಯನ್ನು ಬೇಡವೆಂದು ಹೇಳುವುದನ್ನು ಅವನು ಮರೆತಿದ್ದ. ಆ ಆ್ಯಪು ಕೇಳುತ್ತಿತ್ತು: ನಿಮ್ಮ ಪ್ರವಾಸ ಹೇಗಿತ್ತು? ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

ಅವನು ಮೊಬೈಲನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಲು ಹೋದ. ಮಣೆಯ ಮೇಲೆ ಕೂತಿದ್ದ ಮಗಳು ಅದನ್ನು ಕಂಡು ಕೈ ಚಾಚಿದಳು. ಅವನು ಕೊಡಲೇಬೇಕಾಯಿತು. ಓದಿದಳು. ಅರಿಸಿನದ ಬೆರಳಿನಿಂದ ಐದು ನಕ್ಷತ್ರ ಒತ್ತಿದಳು. ಗಾಜಿನ ಮೇಲೆ ಹಳದಿ ಗುರುತು ಉಳಿಯಿತು.

"ನಾವು ಹೋಗಲೇ ಇಲ್ಲವಲ್ಲ, ಮಗಳೇ" ಎಂದ. ಅವನ ಕಣ್ಣು ತುಂಬಿತ್ತು.

"ದೀಪ ಹಚ್ಚುವ ಹೊತ್ತಿಗೆ ನೀನು ಮನೆಯಲ್ಲಿದ್ದದ್ದು ನನಗೆ ನೆನಪಿರುವ ಹಾಗೆ ಆ ಹದಿನಾಲ್ಕು ದಿನವೇ, ಅಪ್ಪಾ" ಎಂದಳು.

ವ್ಯಾಪಾರಿ ಅಲ್ಲೇ ಕೂತುಬಿಟ್ಟ. ತಾನು ಮಗಳಿಗೆ ಕೊಟ್ಟೆನೋ, ಅವಳಿಂದ ಕಿತ್ತುಕೊಂಡೆನೋ ಅವನಿಗೆ ತಿಳಿಯಲಿಲ್ಲ. ಈ ಸಲ ವಿಚಾರಿಸಲು ಇನ್ನೆರಡು ಕಡೆ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಪಂಪಣ್ಣ ತಲೆ ಕೆರೆದುಕೊಂಡ. "ಹಾಗಾದರೆ ಅವರು ಹೋಗದಿದ್ದದ್ದೇ ಒಳ್ಳೆಯದಾಯಿತೇ, ಗುರುಗಳೇ?"

"ಹಾಗೆಂದು ನಾನು ಹೇಳಲಿಲ್ಲ. ಆ ಹುಡುಗಿ ಸಮುದ್ರ ನೋಡಲಿಲ್ಲ. ಪೆಟ್ಟಿಗೆಗೆ ಸೀರೆ ಹಾಕುವಾಗ ಅವಳು ಅಳಲಿಲ್ಲವೆಂದೂ ನಾನು ಹೇಳಲಿಲ್ಲ."

"ಮತ್ತೆ ಆ ಆ್ಯಪುಗಳು ಸುಳ್ಳು ಹೇಳಿದವೇ?"

"ಅವು ತಮಗೆ ಗೊತ್ತಿದ್ದಷ್ಟನ್ನು ಹೇಳಿದವು. ಅವುಗಳ ಮೇಲೆ ಯಾಕೆ ಹರಿಹಾಯುತ್ತೀ?"

ಪಂಪಣ್ಣನಿಗೆ ಬರುವಾಗ ಇದ್ದ ಗೊಂದಲ ಈಗ ಎರಡರಷ್ಟಾಗಿತ್ತು. ಮೊಬೈಲನ್ನು ಅಂಗೈಯಲ್ಲಿ ಹಿಡಿದುಕೊಂಡು, "ನನಗೆ ಒಂದೂ ಅರ್ಥವಾಗಲಿಲ್ಲ. ನಾನು ಬೆಳಿಗ್ಗೆಯಿಂದ ಇದನ್ನೇ ನೋಡುತ್ತಿದ್ದೇನೆ. ನನ್ನ ಅವ್ವನಿಗೆ ಯಾವ ಊರು ಸರಿ, ಅದನ್ನಾದರೂ ಹೇಳಿ" ಎಂದ.

ಗುರುಗಳು ಕೇಳಿದರು: "ಬೆಳಿಗ್ಗೆಯಿಂದ ನಿನ್ನ ಅವ್ವ ಎಲ್ಲಿದ್ದಾಳೆ, ಪಂಪಣ್ಣ?"

ಪಂಪಣ್ಣ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ.