ಕೆಂಚಮ್ಮನ ಅಟ್ಟದ ಕುಂಬಳಕಾಯಿ

ಇಡೀ ಕುಂಬಳಕಾಯಿಗೆ ಹೆಂಗಸು ಮೊದಲು ಕತ್ತಿ ಹಾಕಬಾರದು ಅನ್ನೋದು ಆ ಊರಿನ ಪದ್ಧತಿ. ಕೆರೆ ಏರಿಯ ಕೆಂಚಮ್ಮ ಒಂಟಿ ಹೆಂಗಸು. ಬೆಳೆದ ಕಾಯಿಗಳನ್ನು ತೊಟ್ಟು ಮುರಿಯದಂತೆ ಕೊಯ್ದು ಅಟ್ಟದ ಮೇಲೆ ಹುಲ್ಲು ಹಾಸಿ ಕೂರಿಸಿದ್ದಳು. ಒಡೆದುಕೊಡುವವರಿಲ್ಲ. ಕಾಯಿ ಮೇಲೆ, ಅವಳು ಕೆಳಗೆ, ಸುಮ್ಮನೆ ಕೂತಿದ್ದರು.

ಒಂದು ಬೆಳಿಗ್ಗೆ ಪಟೇಲ ಚೌಡಪ್ಪ ಗಾಡಿ ಹೊಡಿಸಿಕೊಂಡು ಬಂದ.

"ನಾಳೆ ನಮ್ಮನೇಲಿ ಬೀಗರೂಟ. ಎಲ್ಲಾ ಕಾಯಿ ಇಳಿಸು. ಒಂಟಿ ಬಾಯಿಗೆ ಇಷ್ಟು ಯಾಕೆ?"

"ಆಗಲಿ ಪಟೇಲ್ರೆ. ಒಂದನ್ನ ಮಾತ್ರ ನಿಮ್ಮ ಕೈಯಾರೆ ಒಡೆದುಕೊಡಿ."

ಪಟೇಲ ಮೀಸೆ ತಿರುವಿ ಒಡೆದ.

"ಒಡೆದೋರು ಇಲ್ಲೇ ಉಣ್ಣಬೇಕು. ಇದು ಮುಗಿಯೋ ಮುಂಚೆ ಇನ್ನೊಂದು ಇಳಿಸಿದರೆ ಬೀಗರಿಗೆ ಕೇಡಂತೆ, ಅದೂ ಪದ್ಧತಿ," ಅಂದಳು ಕೆಂಚಮ್ಮ.

ಕೇಡು ಅಂದದ್ದೇ ಪಟೇಲ ಜಗುಲಿ ಮೇಲೆ ಕುಕ್ಕರಿಸಿದ. ಕೆಂಚಮ್ಮ ಅಡುಗೆ ಮಾಡಿ, ಅಟ್ಟದಲ್ಲಿದ್ದ ಎರಡನೇ ತಟ್ಟೆ ಇಳಿಸಿ ಬಡಿಸಿದಳು. ಹುಳಿ ಉಂಡ, ಪಲ್ಯ ಉಂಡ, ಸತ್ತ ತಾಯಿಯ ಕೈರುಚಿಯ ಮಾತಾಡಿದ. ಅರ್ಧ ಕಾಯಿಯೂ ಮುಗಿಯಲಿಲ್ಲ. ಗಾಡಿ ಬರಿದಾಗಿ ವಾಪಸ್ಸು ಹೋಯಿತು.

ಕೈ ತೊಳೆಯುತ್ತ ಕೇಳಿದ: "ಈ ಪದ್ಧತಿ ಯಾರು ಮಾಡಿದ್ದು?"

"ನಾನೇ ಪಟೇಲ್ರೆ. ನೀವು ಕಾಯಿ ಒಡೀತಿದ್ರಲ್ಲ, ಆಗ."

ಪಟೇಲನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಬೈಯೋಕೆ ಬಾಯಿ ತೆರೆದರೆ ಬಂದದ್ದು ತೇಗು.

ಅವನು ಏರಿಯಿಂದ ಇಳಿದು ಮರೆಯಾಗುವ ತನಕ ಕೆಂಚಮ್ಮ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಎರಡನೇ ತಟ್ಟೆ ತೊಳೆದಳು. ಅಟ್ಟಕ್ಕೆ ಹಾಕಲಿಲ್ಲ, ಕೈಗೆ ಸಿಗುವಲ್ಲೇ ಇಟ್ಟಳು.